ವಯರ್‌ಲೆಸ್ಸಿನಲ್ಲಿ ಹೇಳದೆ ಉಳಿಸಿಕೊಂಡ ಮಾತು

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಬೋಟು ಹತ್ತಿದವನು. ಬರೆದು ಅಭ್ಯಾಸವಿಲ್ಲ. ಆದರೆ ಹೋದ ವಾರ ಭಟ್ಕಳ ಬಂದರಿನಲ್ಲಿ ನಡೆದದ್ದನ್ನು ಬರೆಯದೆ ಇರಲಾರೆ. 

ಹಿಂದಿನ ವರ್ಷ ಕುಮಟಾದಲ್ಲಿ ಒಂದು ಸಭೆ. ಕೆಲಸದ ಜಾಗದ ಅಪಾಯಗಳನ್ನು ಅಧ್ಯಯನ ಮಾಡುವವರು ಬೋಟು ನಡೆಸುವ ನಮ್ಮಂಥ ಕೆಲವರನ್ನು ಕರೆದಿದ್ದರು. ಬೋಟಿನ ತಳದ ಮೀನಿನ ಕೋಣೆ ಮುಚ್ಚಿಟ್ಟರೆ ಕೊಳೆತ ನೀರಿನಿಂದ ವಿಷದ ಗಾಳಿ ಹುಟ್ಟುತ್ತದೆ, ಮುಚ್ಚಳ ತೆಗೆದು ಗಾಳಿ ಆಡಿಸದೆ ಇಳಿಯಬಾರದು ಎಂದರು. ಉಳಿದ ಬೋಟಿನವರಿಗೂ ತಿಳಿಸಿ ಎಂದು ಕಳಿಸಿದರು.

ನನ್ನ ಬೋಟಿನವರಿಗೆ ಹೇಳಿದೆ. ಅಷ್ಟೇ. ಬಂಗುಡೆ ಮೀನು ಸಿಕ್ಕ ಜಾಗವನ್ನು ನಮ್ಮಲ್ಲಿ ಯಾರೂ ವಯರ್‌ಲೆಸ್ಸಿನಲ್ಲಿ ಹೇಳುವುದಿಲ್ಲ. ಬಲೆ ತುಂಬಿದ್ದರೂ "ಎಂತದೂ ಇಲ್ಲ ಮಾರಾಯ" ಎನ್ನುತ್ತೇವೆ. ಕಲಿತದ್ದನ್ನೂ ಅದೇ ಅಭ್ಯಾಸದಲ್ಲಿ ಇಟ್ಟುಕೊಂಡೆ. ನನ್ನ ತಮ್ಮ ಬೇರೆ ಬೋಟಿನಲ್ಲಿದ್ದ. ಒಟ್ಟಿಗೆ ಉಣ್ಣುತ್ತಿದ್ದರೂ ಬೋಟಿನ ಮಾತು ಆಡುತ್ತಿರಲಿಲ್ಲ. ಒಂದು ದಿನ ಮೀನಿನ ಕೋಣೆ ತೊಳೆಯಲು ಇಳಿದವನು ಕುಸಿದುಬಿದ್ದ. ಮುಚ್ಚಳದ ಕೆಳಗೇ ಬಿದ್ದಿದ್ದರಿಂದ ಮೇಲಿನಿಂದಲೇ ತೋಳು ಹಿಡಿದು ಎಳೆದರು, ಬದುಕಿದ. ನನಗೆ ಮೊದಲೇ ಗೊತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಹೋದ ವಾರ ಆ ಅಧ್ಯಯನದವರೇ ನಮ್ಮ ಬಂದರಿಗೆ ಬಂದರು. ತಾವು ಹೇಳಿದ್ದು ಯಾರನ್ನು ಮುಟ್ಟಿದೆ, ಯಾರ ಬಾಯಿಂದ ಮುಟ್ಟಿದೆ ಎಂದು ತಿಳಿಯಬೇಕಿತ್ತು ಅವರಿಗೆ. ಅವರಲ್ಲೊಬ್ಬಳು ತಮ್ಮನನ್ನು ಕೇಳಿದಳು: "ವಿಷದ ಗಾಳಿ ವಿಷಯ ನಿಮಗೆ ಯಾರು ಹೇಳಿದರು?"

"ಯಾರೂ ಇಲ್ಲ. ಬಿದ್ದ ಮೇಲೇ ಗೊತ್ತಾದ್ದು."

ಪಕ್ಕದಲ್ಲೇ ಬಲೆ ಹೊಲಿಯುತ್ತಿದ್ದ ನಾನು ಎದ್ದುನಿಂತೆ. "ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ತಮ್ಮ ನನ್ನನ್ನೇ ನೋಡಿದ. "ಎಂತಾ ಅಣ್ಣ, ಇದೂ ಬಂಗುಡೆ ಜಾಗವಾ, ಮುಚ್ಚಿಡೂಕೆ?"

ಬಲೆ ಅಲ್ಲೇ ಬಿಟ್ಟೆ. ನೆಟ್ಟಗೆ ಬೋಟು ಹತ್ತಿ ವಯರ್‌ಲೆಸ್ ಎತ್ತಿದೆ. ತಮ್ಮನೂ ಹಿಂದೆಯೇ ಬಂದ.  ಗಾಳಿ, ಮುಚ್ಚಳ, ತಮ್ಮ ಬಿದ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಆಚೆಯಿಂದ ನಗು. "ಹೋಯ್, ನಮ್ಮನ್ನ ಕೋಣೆ ಕಾಯೂಕೆ ಕೂರ್ಸಿ ನೀನು ಮೀನಿಗೆ ಹೋಗ್ತ್ಯಾ?"

"ಗಾಳಿ ಸುದ್ದಿ ಬ್ಯಾಡ, ಮೀನಿನ ಜಾಗ ಹೇಳು!"

ಇಷ್ಟು ವರ್ಷ ಇದೇ ವಯರ್‌ಲೆಸ್ಸಿನಲ್ಲಿ ಸುಳ್ಳು ಹೇಳಿದ ಬಾಯಿ ನನ್ನದು. ಯಾರು ನಂಬುತ್ತಾರೆ? ತಮ್ಮ ವಯರ್‌ಲೆಸ್ ಕಸಿದುಕೊಂಡ.

"ಬಿದ್ದವ ನಾನು. ಅಣ್ಣ ಹೇಳೂದು ಖರೆ."

ನಗು ನಿಂತಿತು.  ಆಮೇಲೆ ಹೊನ್ನಾವರದ ಬೋಟೊಂದು ಕೇಳಿತು: "ಮುಚ್ಚಳ ತೆಗ್ದು ಎಷ್ಟು ಹೊತ್ತು ಬಿಡೂದು?"

ತಮ್ಮ ವಯರ್‌ಲೆಸ್ಸನ್ನು ನನ್ನ ಕೈಗೆ ಕೊಟ್ಟ. "ನೀನೇ ಅಲ್ದಾ ಕಲ್ತು ಬಂದದ್ದು. ಹೇಳು."