ಅಕ್ಕನ ಒಂದು ರಿಂಗು

ಅಘನಾಶಿನಿ ಊರಿನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಮಾತಾಡುವವಳಲ್ಲ. ಅವಳದು ಒಂದೇ ರಿಂಗು ಆಗಿತ್ತು. ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿದಾಗ ಕೆಸರಿಗೆ ಇಳಿದು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದಳು, ದಡಕ್ಕೆ ಬಂದು ಕೈಯ ಕೆಸರನ್ನು ಸೀರೆಗೆ ಒರೆಸಿಕೊಂಡು ಖಾಯಂ ಗಿರಾಕಿಗಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಫೋನು ಮಾಡುತ್ತಿದ್ದಳು. ಒಂದು ಸಲ ರಿಂಗಾದ ಕೂಡಲೇ ಕಟ್. ಯಾರೂ ಎತ್ತುತ್ತಿರಲಿಲ್ಲ. ಕರೆಗೆ ದುಡ್ಡು ಬೀಳುತ್ತಿದ್ದ ಕಾಲದ ರೂಢಿ ಅದು, ಮಾತು ಪುಕ್ಕಟೆಯಾದ ಮೇಲೂ ಹೋಗಿರಲಿಲ್ಲ. ಎಲ್ಲಾದರೂ ಹೊಸಬರು ಎತ್ತಿ ಹಲೋ ಅಂದರೆ ಅಕ್ಕ ಗದರುತ್ತಿದ್ದಳು: "ಎತ್ತೂದು ಎಂತಕ್ಕೆ? ಪಾತ್ರೆ ತಕಂಡು ಬನ್ನಿ!"

ಊರಿನವರು, ಪಕ್ಕದ ಕಾಗಾಲದವರು ಹಾಗೇ ಬರುತ್ತಿದ್ದರು. ಗದ್ದೆಯಿಂದಲೋ ಅಡಿಗೆಮನೆಯಿಂದಲೋ ಬಂದು ಫೋನು ನೋಡುವುದು, ಅಕ್ಕನ ನಂಬರು ಕಂಡರೆ ಪಾತ್ರೆ ಹಿಡಿದು ದಡಕ್ಕೆ ಹೊರಡುವುದು. ನೀರು ಏರಿದೆಯೋ ಇಳಿದಿದೆಯೋ ಎಂದು ಹೊಳೆ ನೋಡುವುದನ್ನೇ ಅವರು ಬಿಟ್ಟಿದ್ದರು. ಅಕ್ಕ ನೋಡುತ್ತಾಳಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ, ಹೊಳೆ ತುಂಬಿ ನಿಂತ ಹೊತ್ತಿಗೆ, ಏಳೆಂಟು ಜನ ಪಾತ್ರೆ ಹಿಡಿದು ಬಂದರು. ಅಕ್ಕ ಮನೆಯಲ್ಲಿ ಗಂಜಿ ಬಸಿಯುತ್ತಿದ್ದಳು. ರಿಂಗ್ ಬಂತು ಎಂದರು ಅವರು, ನಾ ಮಾಡಲೇ ಇಲ್ಲ ಎಂದಳು ಇವಳು. ಎಲ್ಲರೂ ನಕ್ಕರು. ಮರುದಿನವೂ ಹಾಗೇ ಆಯಿತು, ನಗು ಕಡಿಮೆಯಿತ್ತು. ಮೂರನೆಯ ದಿನ ಕಾಗಾಲದ ಗಿರಾಕಿಯೊಬ್ಬಳು, ಅಕ್ಕನಿಗಿಂತ ಹಿರಿಯಳು, ಬಿಸಿಲಲ್ಲಿ ನಡೆದು ಬಂದು ಪಾತ್ರೆಯನ್ನು ಜಗಲಿಯ ಮೇಲೆ ಕುಕ್ಕಿದಳು. "ನಮ್ಮನ್ನ ಮಂಗ ಮಾಡೂದಾ ನೀನು?"

ಅದೇ ದಿನ ಭಟ್ಕಳದಿಂದ ಯಾರೋ ಫೋನು ಮಾಡಿ ಉರ್ದು, ಕನ್ನಡ ಬೆರೆಸಿ ಅಕ್ಕನಿಗೆ ಬೈದ. ಇದೇ ನಂಬರಿನಿಂದ ಪೊಲೀಸರೆಂದು ಹೇಳಿ ಅವನ ತಾಯಿಯನ್ನು ಹೆದರಿಸಿದ್ದರಂತೆ. ಆ ಮುದುಕಿ ಮೂಲೆ ಹಿಡಿದು ಕೂತಿದ್ದಳಂತೆ. ಬೈಗುಳದಲ್ಲಿ ಅರ್ಧ ಅಕ್ಕನಿಗೆ ಅರ್ಥವಾಗಲಿಲ್ಲ. ಅರ್ಥವಾದ ಅರ್ಧವೇ ಸಾಕಿತ್ತು.

ಅವತ್ತು ಅಕ್ಕ ನನಗೆ ಪೂರ್ತಿ ಕರೆ ಮಾಡಿ ಮಾತಾಡಿದಳು. ನಾನು ಕುಮಟೆಯಲ್ಲಿ ಮೇಷ್ಟರಮ್ಮ, ಓದಿದವಳು. ಕೇಳಿದ ಕೂಡಲೇ, "ಯಾವುದೋ ಲಿಂಕ್ ಒತ್ತಿರ್ತೆ ನೀನು" ಎಂದು ಅವಳಿಗೇ ಬೈದೆ. ಅವಳದು ಗುಂಡಿ ಒತ್ತುವ ಫೋನು, ಅದರಲ್ಲಿ ಲಿಂಕೂ ಇಲ್ಲ ಮಣ್ಣೂ ಇಲ್ಲ. ಅದು ಗೊತ್ತಿದ್ದೂ ಬೈದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕುಮಟೆಯ ಫೋನಂಗಡಿಯವನು ಸಂಗತಿ ಬಿಡಿಸಿ ಹೇಳಿದ. ನಂಬರನ್ನು ಯಾರೂ ಕದ್ದಿಲ್ಲ. ಲಕೋಟೆಯ ಹಿಂದೆ ಯಾರ ವಿಳಾಸ ಬೇಕಾದರೂ ಬರೆದು ಅಂಚೆಗೆ ಹಾಕಬಹುದಲ್ಲ, ಹಾಗೆ ಎಲ್ಲೋ ಕೂತವನು ತನ್ನ ಕರೆಯ ಮೇಲೆ ಅಕ್ಕನ ನಂಬರು ಕಾಣಿಸುವಂತೆ ಮಾಡುತ್ತಾನೆ. ಹಿಂದೊಮ್ಮೆ ಊರಲ್ಲಿ ಕೊಡೆ ಹಾಕಿಕೊಂಡು ಕೂತವನ ಹತ್ತಿರ ನಮ್ಮವರು, ಕಾಗಾಲದವರು ಎಲ್ಲರೂ ಒಂದೇ ದಿನ ಸಿಮ್ ತೆಗೆದುಕೊಂಡಿದ್ದರು. ನಂಬರುಗಳೆಲ್ಲ ಸಾಲಾಗಿವೆ. ಮೋಸಗಾರನ ಯಂತ್ರ ಆ ಸಾಲು ಹಿಡಿದು ಒತ್ತುತ್ತ ಹೋಗಿರಬೇಕು.

"ಹಾಗಾದ್ರೆ ತಡೆಯೂದು ಹೇಗೆ?"

"ನಿಮ್ಮ ಕೈಲಿ ಎಂತದೂ ಇಲ್ಲ. ನಂಬರ್ ಬದಲಾಯಿಸಿ."

ಪೊಲೀಸ್ ಠಾಣೆಯಲ್ಲಿ ಅರ್ಜಿ ತೆಗೆದುಕೊಂಡು ಅವರೂ ಅದನ್ನೇ ಹೇಳಿದರು. ಕಳ್ಳ ಬರುತ್ತಾನೆಂದು ಮನೆಯವರೇ ಮನೆ ಬಿಡಬೇಕಂತೆ! ಮೈಯೆಲ್ಲ ಉರಿಯಿತು. ಅಕ್ಕನ ಹೆಸರು ಓದಲು ಬಾರದ ಗಿರಾಕಿಗಳಿಗೂ ಆ ನಂಬರಿನ ಕೊನೆಯ ಅಂಕಿಗಳು ಗುರುತಿವೆ. ಅದನ್ನು ಬದಲಾಯಿಸಿ ಎನ್ನಲು ಇವರಿಗೆ ನಾಲಿಗೆಯಾದರೂ ಹೇಗೆ ಬಂತು?

ಇನ್ನೂ ಉರಿ ಹತ್ತಿಸುವ ಮಾತೊಂದಿದೆ. ನಮ್ಮವರು ಯಾರೂ ಫೋನು ಎತ್ತದ್ದರಿಂದ ಯಾರೂ ಮೋಸ ಹೋಗಲಿಲ್ಲ. ಆ ಹಲ್ಕಟ್ಟನಿಗೆ ಇಲ್ಲಿ ಒಂದು ಹಲೋ ಕೂಡ ಸಿಗಲಿಲ್ಲ. ಹಾಳಾದದ್ದು ಅಕ್ಕನ ಮಾತು ಮಾತ್ರ, ಅದೂ ಅವಳು ಬಾಯಿ ಬಿಡದೆ.

ಆಗ ನಾನು ಓದಿದವರು ಮಾಡುವ ಕೆಲಸ ಮಾಡಿದೆ. ಊರಿನ ವಾಟ್ಸಾಪ್ ಗುಂಪಿಗೆ ಉದ್ದದ ಸಂದೇಶ ಬರೆದೆ. ಅಕ್ಕನ ನಂಬರು ಹಾಕಿ, "ಈ ನಂಬರಿನಿಂದ ಬರುವ ಕರೆಯನ್ನು ನಂಬಬೇಡಿ, ಇದು ವಂಚಕರ ಕೆಲಸ, ಎಲ್ಲರಿಗೂ ತಿಳಿಸಿ" ಎಂದೆ. ಮಕ್ಕಳು ಮನೆಮನೆಯಲ್ಲಿ ಓದಿ ಹೇಳಿದರು. ಹತ್ತಾರು ಜನ ಕೈಮುಗಿಯುವ ಚಿತ್ರ ಕಳಿಸಿದರು. ನನಗೆ ಸಮಾಧಾನವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

ಆ ಭಾನುವಾರ ನಾನು ಅಘನಾಶಿನಿಯಲ್ಲೇ ಇದ್ದೆ. ನೀರು ಚೆನ್ನಾಗಿ ಇಳಿದಿತ್ತು. ಅಕ್ಕ ಎರಡು ಬುಟ್ಟಿ ಬಳಚು ತಂದಳು, ಎಲ್ಲರಿಗೂ ರಿಂಗು ಕೊಟ್ಟಳು, ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದೆಸಿ ಕೂತಳು. ಯಾರೂ ಬರಲಿಲ್ಲ. ಇನ್ನೊಂದು ಸುತ್ತು ರಿಂಗು ಕೊಟ್ಟಳು. ಬಿಸಿಲು ಗೋಣಿಯನ್ನು ಒಣಗಿಸಿತು. ಅಂಚಿನಲ್ಲಿದ್ದ ಬಳಚು ಬಾಯಿ ಬಿಡತೊಡಗಿತು. ಬಾಯಿ ಬಿಟ್ಟದ್ದು ಸತ್ತದ್ದು, ಅದನ್ನು ಯಾರೂ ಒಯ್ಯುವುದಿಲ್ಲ.

"ಎಂತ ಆತು ಇವರಿಗೆಲ್ಲ?" ಅಂದಳು ಅಕ್ಕ. ನಾನು ಬರೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಳ್ಳೆಯದನ್ನು ಆರಿಸಿ ಒಂದು ಬುಟ್ಟಿ ಮಾಡಿಕೊಂಡು ಇಬ್ಬರೂ ಕಾಗಾಲಕ್ಕೆ ನಡೆದೆವು. ಅಂದು ಪಾತ್ರೆ ಕುಕ್ಕಿದ್ದ ಗಿರಾಕಿ ಬಾಗಿಲಲ್ಲೇ ಇದ್ದಳು. ಬುಟ್ಟಿ ನೋಡಿ ಅವಳ ಮುಖ ಸಣ್ಣಗಾಯಿತು. "ರಿಂಗ್ ಬಂದಿತ್ತು. ನಂಬಬೇಡಿ ಹೇಳಿ ನೀವೇ ಬರೆದಿದ್ರಲ್ಲ, ಟೀಚರ್" ಎಂದಳು. ಬಳಚು ಹಾಕಿಸಿಕೊಂಡು ನನ್ನನ್ನೇ ಕೇಳಿದಳು: "ಈಗ ಹೇಳಿ. ನಾಳೆ ರಿಂಗ್ ಬಂದ್ರೆ ನಂಬೂದಾ, ಬಿಡೂದಾ? ಎತ್ತಿ ಕೇಳೂದಾ?"

ಎತ್ತಿ ಎಂದರೆ, ಭಟ್ಕಳದ ಆ ತಾಯಿಯ ಹಾಗೆ ಇವಳನ್ನೂ ಅವನ ಬಾಯಿಗೆ ಕೊಟ್ಟಂತೆ. ನಂಬಿ ಎಂದರೆ ಇವಳು ಮತ್ತೆ ಖಾಲಿ ಪಾತ್ರೆ ಹಿಡಿದು ಹಿಂದಿರುಗಬೇಕು, ಬಿಡಿ ಎಂದರೆ ಅಕ್ಕನ ಬುಟ್ಟಿ ಬಿಸಿಲಿಗೆ.

ಅಕ್ಕನೇ ಉತ್ತರ ಕೊಟ್ಟಳು. "ನೀ ಎತ್ತೂದೂ ಬೇಡ, ನೋಡೂದೂ ಬೇಡ. ನಾನೇ ಹೊತ್ಕಂಡು ಬರ್ತೆ, ಆತಲ್ದಾ?" ಎಂದು ಬುಟ್ಟಿ ತಲೆಗೆ ಏರಿಸಿಕೊಂಡು ಮುಂದಿನ ಮನೆಗೆ ಹೊರಟಳು. ಈಗಲೂ ಅವಳು ಹಾಗೇ ಹೋಗುತ್ತಾಳೆ, ಮಂಡಿ ನೋವಿನ ಕಾಲಲ್ಲಿ, ಫೋನನ್ನು ಮನೆಯಲ್ಲೇ ಬಿಟ್ಟು.