ಶಾರದಕ್ಕನ ಕೈಗೆ ಬಂದ ಶಕ್ತಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ‘ದೇವ್ರು ಈ ಹುಡ್ಗಿಗೆ ಒಂದು ವಿದ್ಯೆ ಕೊಟ್ಟಾನಲ್ಲ, ಇನ್ನೆಂಥ ಬಿಎಸ್ಸಿ?’ ಎನ್ನುತ್ತಿದ್ದರು. ಆ ವಿದ್ಯೆ ಎಂದರೆ ನೀರು ನೋಡುವುದು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದರೆ, ನೆಲದಡಿ ನೀರಿದ್ದಲ್ಲಿ ಅದು ಎದ್ದು ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಏಳನೇ ಕ್ಲಾಸಿನಲ್ಲಿ ಆಟಕ್ಕೆ ಹಿಡಿದೆ, ಎದ್ದು ನಿಂತಿತು. ಅಲ್ಲೇ ಬೋರು ತೆಗೆಸಿದರು, ನೀರೂ ಬಂತು. ಅಲ್ಲಿಂದಾಚೆ ಹೊಸನಗರ ತಾಲೂಕಿನಲ್ಲಿ ಯಾರು ಬೋರು ತೆಗೆಸುವುದಾದರೂ ಜೀಪು ನಮ್ಮ ಮನೆ ಮುಂದೆ. ಶಾಲೆ, ಕಾಲೇಜು ಎಲ್ಲ ಅದರ ನಂತರ. ನೀರು ಬಂದರೆ ನಾನು ದೇವಿ. ಬಾರದಿದ್ದರೆ, ‘ಮುಟ್ಟಾಗಿದ್ಯೇನೇ?’ ಎಂದು ಗಂಡಸರ ಎದುರೇ ಕೇಳುತ್ತಿದ್ದರು.

ನಮ್ಮೂರ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ಶಾರದಕ್ಕ ನಗುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಹಾಗಿತ್ತು ಅವರ ನಗು. ಹಳೆಯ ಮಾಸಪತ್ರಿಕೆಗಳಿಂದ ವಿಜ್ಞಾನದ ಕಥೆಗಳನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ, ದಾರ ಹಾಕಿ ತಾವೇ ಪುಸ್ತಕ ಹೊಲಿಯುತ್ತಿದ್ದರು. ಅದರಲ್ಲೂ ಒಂದೇ ಜಾತಿಯ ಕಥೆ. ‘ಆಸೆಪಟ್ಟವ್ನಿಗೆ ಶಕ್ತಿ ಬಂದ್ರೆ ಅದ್ರಲ್ಲಿ ಎಂಥ ಕಥೆ? ಬ್ಯಾಡ ಅಂದವ್ನಿಗೆ ಬರ್ಬೇಕು. ಆಗ ನೋಡು ಮಜ!’ ಎನ್ನುತ್ತಿದ್ದರು.

ಸಾಗರದ ಕಾಲೇಜಿಗೆ ಹೋಗುವ ಬಸ್ಸಿಗಾಗಿ, ಬಸ್‌ಸ್ಟಾಪಿನ ಪಕ್ಕದ ಆ ಲೈಬ್ರರಿಯ ಜಗಲಿಯಲ್ಲಿ ಕೂರುತ್ತಿದ್ದ ನನಗೆ ಒಂದು ದಿನ ಅಂಥದೊಂದು ಕಥೆ ಕೊಟ್ಟರು. ಹತ್ತು ಮೈಲಿ ದೂರದ ಮಾತೂ ಕಿವಿಗೆ ಬೀಳುವ ನರ್ಸಿನ ಕಥೆ. ‘ಕಡೆಗೆ ಟ್ರಾನ್ಸ್‌ಫರ್ ಕೇಳ್ತಾಳೆ ಕಣೇ, ಗುಹೆಗೆ!’ ಎಂದು ಕನ್ನಡಕ ತೆಗೆದರು. ಬಸ್ಸಿನಲ್ಲಿ ಓದಿ ನಾನೂ ನಕ್ಕೆ. ಆನಂದಪುರ ಬರುವಷ್ಟರಲ್ಲಿ ಅಳುತ್ತಿದ್ದೆ. ನನ್ನಂಥವಳು ಇನ್ನೊಬ್ಬಳಿದ್ದಾಳೆ, ಕಾಗದದ ಮೇಲಾದರೂ. ಮರುದಿನ ಶಾರದಕ್ಕ ಇನ್ನೊಂದು ಕಥೆ ಕೊಟ್ಟರು. ಡಿಗ್ರಿ ಮುಗಿಸಲೇಬೇಕು ಎಂಬ ಹಟ ನನಗೆ ಹತ್ತಿದ್ದು ಆ ಜಗಲಿಯಲ್ಲಿ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಜೀಪು ನೇರ ಬಸ್‌ಸ್ಟಾಪಿಗೇ ಬಂತು. ದೊಡ್ಡಪ್ಪ ತೆಂಗಿನಕಾಯಿ ಹಿಡಿದು ಇಳಿದರು.

‘ಬೋರಿನ ಲಾರಿ ಬಂದು ನಿಂತದೆ, ಹತ್ತು.’

‘ಇವತ್ತು ಪರೀಕ್ಷೆ ದೊಡ್ಡಪ್ಪ.’

‘ಪರೀಕ್ಷೆ ಮುಂದಿನ ವರ್ಷನೂ ಬತ್ತದೆ.’

ಅಂಗಳ ಗುಡಿಸುತ್ತಿದ್ದ ಶಾರದಕ್ಕ ಪೊರಕೆ ಬಿಟ್ಟು ಬಂದರು. ‘ಕಾಯಿ ಕೊಡಿ ಇಲ್ಲಿ.’ ಅಂಗೈ ಮೇಲಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರು. ಕಾಯಿ ಎದ್ದು ನಿಂತಿತು. ‘ನಂಗೂ ಬತ್ತದೆ. ಯಾರಿಗೂ ಹೇಳಿರ್ಲಿಲ್ಲ. ನಡೀರಿ.’ ಸೀರೆ ಎತ್ತಿ ಹಿಡಿದು ಜೀಪು ಹತ್ತಿಯೇಬಿಟ್ಟರು. ನಾನು ಸಾಗರದ ಬಸ್ಸು ಹತ್ತಿದೆ.

‘ನಿಜಕ್ಕೂ ಎದ್ದಿತ್ತಾ ಅಕ್ಕ?’ ಎಂದು ಮರುದಿನ ಕೇಳಿದೆ.

ಕನ್ನಡಕ ಮೇಜಿಗೆ ಹೋಯಿತು. ‘ಹೆಬ್ಬೆರಳಲ್ಲಿ ಎತ್ತಿದ್ದು ಮಾರಾಯ್ತಿ! ಹಲಸಿನ ಮರದ ಬುಡ ತೋರ್ಸ್ದೆ, ನೆರಳಿತ್ತು ಅಂತ. ನೀರು ಬಂದ್ಬಿಡ್ತು. ಈಗ ಎಂಥ ಮಾಡದು?’

ಮಾಡುವುದೇನು, ಜೀಪು ಲೈಬ್ರರಿಗೆ ಬರತೊಡಗಿತು. ‘ಭಾನುವಾರ ಮಾತ್ರ. ಬೇರೆ ದಿನ ಶಕ್ತಿ ಇರಲ್ಲ’ ಎಂದು ಕಾನೂನು ಮಾಡಿದರು. ನಾಲ್ಕರಲ್ಲಿ ಮೂರು ಕಡೆ ನೀರು ಬಂತು. ನಾನು ತೋರಿಸುವಾಗಲೂ ಹಾಗೇ ಇತ್ತು. ಬಾರದ ಕಡೆ ಬೈಸಿಕೊಂಡು ಬಂದು, ‘ನನ್ನ ವಯಸ್ಸಿಗೆ ಆ ಪ್ರಶ್ನೆ ಮಾತ್ರ ಕೇಳಕ್ಕಾಗಲ್ಲ ನೋಡು’ ಎಂದು ನಗುತ್ತಿದ್ದರು. ಬೇಡದ ಶಕ್ತಿಯ ಕಥೆ ಮೆಚ್ಚಿದವರು ಅನೇಕರಿರಬಹುದು. ಇನ್ನೊಬ್ಬಳ ತಲೆಯಿಂದ ಇಳಿಸಿ ಅದನ್ನು ತಾವೇ ಹೊತ್ತವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ನನ್ನ ಫಲಿತಾಂಶ ಬಂದ ಮೇಲೆ ಅವರು ಕೆಲಸ ಬಿಟ್ಟು, ತೀರ್ಥಹಳ್ಳಿಯ ತಂಗಿ ಮನೆಗೆ ಹೊರಟರು. ಬಸ್ಸಿನ ಕಿಟಕಿಯಿಂದ ಕೇಳಿದರು: ‘ಜೀಪು ಮತ್ತೆ ನಿಮ್ಮನೆಗೆ ಬಂದ್ರೆ?’

‘ಬರಲ್ಲ ಅಂತೀನಿ.’

‘ಯಾಕೆ ಅಂದ್ರೆ?’

‘ಇಷ್ಟ ಇಲ್ಲ ಅಂತೀನಿ.’

‘ಅಷ್ಟು ಸಾಕು.’

ಎರಡು ಸಲ ಬಂತು. ಎರಡು ಸಲವೂ ಅಷ್ಟೇ ಹೇಳಿದೆ. ಮೂರನೇ ಸಲ ಬರಲಿಲ್ಲ.

ಡಿಗ್ರಿ ಸರ್ಟಿಫಿಕೇಟ್ ತರಲು ಸಾಗರದ ಕಾಲೇಜಿಗೆ ಅಮ್ಮನೂ ಬಂದಿದ್ದಳು. ನಮ್ಮ ಮನೆತನದಲ್ಲಿ ಅದೇ ಮೊದಲನೆಯದು. ಸಹಿ ಹಾಕಿ ತೆಗೆದುಕೊಂಡು ಅವಳ ಕೈಗೆ ಕೊಟ್ಟೆ. ಓದು ಬಾರದ ಅಮ್ಮ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ ಹೇಳಿದಳು: ‘ಇದು ಯಾರೂ ನಿನ್ನ ಮೇಲೆ ಹೊರಿಸಿದ್ದಲ್ಲ ಕಣೇ. ನೀನೇ ಬೇಕು ಅಂತ ತಗಂಡಿದ್ದು.’