ಘಾಟು ಬಾರದ ಮೆಣಸಿನಕಾಯಿ

ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ ಸುಗ್ಗಿ ಬಂತೆಂದರೆ ಕಟ್ಟೆಮಳಲವಾಡಿಗೆಲ್ಲ ಹಿಗ್ಗು, ನಮ್ಮ ಮನೆಗೆ ಮಾತ್ರ ದಿಗಿಲು. ಕಣದಲ್ಲಿ ರಾಗಿ ತೂರಲು ಶುರುವಾದೊಡನೆ ನನ್ನ ಅಕ್ಕ ಕೆಂಪಿ ಸೀನಲು ತೊಡಗುತ್ತಿದ್ದಳು. ಕಣ್ಣು ಕೆಂಪಗಾಗಿ ಮೂಗು ಕಟ್ಟುತ್ತಿತ್ತು. ಸಂಜೆಯಾದರೆ ಎದೆಯೊಳಗೆ ಬೆಕ್ಕು ಗುರುಗುಟ್ಟಿದಂಥ ಸದ್ದು. ಸುಗ್ಗಿ ಮುಗಿದರೆ ಏನೂ ಆಗಿಯೇ ಇಲ್ಲವೆಂಬಂತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಧೂಳು ಕೆಲವರ ಮೈಗೆ ಆಗುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಚ್ಚಗಿರಲಿ ಎಂದು ಹೊಸ ಹುಲ್ಲಿನ ಮೇಲೆಯೇ ಅವಳನ್ನು ಮಲಗಿಸುತ್ತಿದ್ದರು, ಗಾಳಿ ಸೋಕದಿರಲೆಂದು ಕಿಟಕಿ ಮುಚ್ಚುತ್ತಿದ್ದರು!

ಅಜ್ಜಿಯ ಪ್ರಕಾರ ಅದು ಕಾಯಿಲೆಯೇ ಅಲ್ಲ, ದೃಷ್ಟಿ. ಅಕ್ಕನ ಉದ್ದ ಜಡೆಯ ಮೇಲೆ ಯಾರದೋ ಕಣ್ಣು. ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ನೀವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟು ಬಂದರೆ ಏನಿಲ್ಲ, ಬರದಿದ್ದರೆ ದೃಷ್ಟಿ ತಾಗಿರುವುದು ಖಂಡಿತ ಎಂದು ಊರೆಲ್ಲ ನಂಬಿತ್ತು.

ಆ ಸಂಜೆ ಅಪ್ಪ, ಅವ್ವ ಕಣದಲ್ಲಿದ್ದರು. ಅಜ್ಜಿ ಅಕ್ಕನನ್ನು ಒಳಕೋಣೆಗೆ ಕರೆದೊಯ್ದು ಕದ ಹಾಕಿಕೊಂಡಳು. ನಾನು ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದೆ. ಮೆಣಸಿನಕಾಯಿ ಕೆಂಡದಲ್ಲಿ ಚಟಪಟ ಅಂದಿತು.

"ಘಾಟು ಬತ್ತದಾ ಮಗಾ?"

"ಇಲ್ಲ ಕಣಜ್ಜಿ," ಎಂದಳು ಅಕ್ಕ. ಬರುವುದಾದರೂ ಹೇಗೆ? ಅವಳ ಮೂಗು ಕಟ್ಟಿ ಎಷ್ಟೋ ದಿನವಾಗಿತ್ತು. ಅಜ್ಜಿಯದೋ, ವರ್ಷಗಟ್ಟಲೆ ನಸ್ಯ ಏರಿಸಿ ಏರಿಸಿ ಸತ್ತುಹೋದ ಮೂಗು.

"ನಂಗೂ ಬರ್ನಿಲ್ಲ. ಅಯ್ಯೋ, ಎಂಥಾ ಕಣ್ಣು ಬಿದ್ದದಪ್ಪಾ!" ಎಂದು ಅಜ್ಜಿ ಇನ್ನೊಂದು ಹಿಡಿ ಸುರಿದಳು.

ಹೊರಗಿದ್ದ ನನಗೇ ಕೆಮ್ಮು ಒತ್ತರಿಸಿ ಬಂತು. "ಅಜ್ಜೀ, ಘಾಟು ಬತ್ತದೆ ಕಣಜ್ಜೀ! ಕದ ತೆಗೀ!"

"ಸುಮ್ಕಿರೇ! ನಿಂಗೆ ಬಂದ್ರೇನು, ಅವಳ್ಗೆ ಬರ್ಬೇಕು!"

ಒಳಗೆ ಅಕ್ಕ ಕೆಮ್ಮತೊಡಗಿದಳು. ಆಮೇಲೆ ಕೆಮ್ಮು ತಟ್ಟನೆ ನಿಂತುಹೋಯಿತು. ಆ ನಿಶ್ಶಬ್ದಕ್ಕೆ ನಾನು ಹೆದರಿದಷ್ಟು ಬೇರಾವುದಕ್ಕೂ ಹೆದರಿಲ್ಲ. ಕಿರುಚುತ್ತಾ ಕಣಕ್ಕೆ ಓಡಿದೆ. ಅವ್ವ ಮೊರ ಬಿಸಾಡಿ ಬಂದವಳೇ ಕದಕ್ಕೆ ಒದ್ದಳು. ಹೊಗೆಯ ನಡುವೆ ಅಕ್ಕ ಬಾಯಿ ತೆರೆದು ಕೂತಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಉಸಿರು ಒಳಗೆ ಹೋಗುತ್ತಲೇ ಇರಲಿಲ್ಲ. ಅಜ್ಜಿ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದಳು.

ಅವ್ವ ಅಕ್ಕನನ್ನು ಹೆಗಲಿಗೆ ಹಾಕಿಕೊಂಡು ಕೆರೆ ಏರಿಯ ಕಡೆ ಓಡಿದಳು. "ಉಸ್ರು ತಕೋ ಕಣವ್ವ, ತಕೋ!" ಎಂದು ಬೆನ್ನು ನೀವುತ್ತಾ ಗೋಗರೆದಳು. ನೀರಿನ ಮೇಲಿನ ಗಾಳಿ ಬೀಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅಕ್ಕನ ಎದೆ ಕೀ ಎಂದು ಒಂದು ಉಸಿರು ಎಳೆದುಕೊಂಡಿತು.

ಹಿಂದೆಯೇ ಬಂದಿದ್ದ ಅಜ್ಜಿ ಹತ್ತಿರ ಬರಲಾರದೆ ದೂರದಲ್ಲೇ ಕುಸಿದಳು. "ಸತ್ತಿದ್ದು ನನ್ ಮೂಗು ಕಣೇ... ನಾನು ಮಗೀನೇ ಕೊಲ್ತಿದ್ನಲ್ಲೇ!" ಎಂದು ಸೊಂಟದ ನಸ್ಯದ ಡಬ್ಬಿ ತೆಗೆದು ಕೆರೆಗೆ ಎಸೆದಳು.

ಕಣದ ಧೂಳು ಸುಳಿಯದ ಏರಿಯ ಮೇಲೆ ಉಸಿರು ಮರಳಿದ್ದು ಕಂಡು ಅವ್ವನಿಗೆ ಧೂಳು, ಹೊಗೆಯ ಮೇಲೇ ಅನುಮಾನ ಬಿತ್ತು. ಅಲ್ಲಿಂದ ಮುಂದೆ ಅವ್ವನದೇ ಕಾನೂನು. ಒಕ್ಕಣೆ ಮುಗಿಯುವತನಕ ಅಕ್ಕ ಕೃಷ್ಣರಾಜನಗರದ ಪೇಟೆಯಲ್ಲಿದ್ದ ಸೋದರಮಾವನ ಮನೆಯಲ್ಲಿ. ಊರಲ್ಲಿದ್ದರೆ ಮೂಗಿಗೆ ಒದ್ದೆ ಬಟ್ಟೆ. ಹೊಸ ಹುಲ್ಲಿನ ಹಾಸಿಗೆಯಿಲ್ಲ, ಒಳಮನೆಯಲ್ಲಿ ಹೊಗೆಯಿಲ್ಲ. ಸೀನು ಪೂರಾ ಹೋಗಲಿಲ್ಲ, ಆದರೆ ತುಟಿ ಮತ್ತೆಂದೂ ಆ ಬಣ್ಣಕ್ಕೆ ತಿರುಗಲಿಲ್ಲ.

ಮರುವರ್ಷ ನನಗೆ ಜ್ವರ ಬಂದಾಗ ಅಜ್ಜಿ ಮೆಲ್ಲಗೆ ಬಂದು ಮುಷ್ಟಿ ಬಿಗಿಹಿಡಿದು ನೀವಾಳಿಸಿದಳು. ನಾನು ಹೆದರಿ ಅವಳ ಬೆರಳು ಬಿಡಿಸಿ ನೋಡಿದೆ. ಏನೂ ಇರಲಿಲ್ಲ.

"ಮೆಣಸಿನ್ಕಾಯಿ ಎಲ್ಲಜ್ಜಿ?"

"ಬ್ಯಾಡ ಬುಡು ಕಣವ್ವ. ನೀನು ಉಸ್ರಾಡ್ಕಂಡಿರು, ಸಾಕು."

ಈಗ ಆ ಕಣವಿಲ್ಲ, ರಾಗಿ ಯಂತ್ರಕ್ಕೆ ಹೋಗುತ್ತದೆ. ಅಕ್ಕನೂ ವಯಸ್ಸಾಗಿ ಹೋದಳು. ಮುಪ್ಪಿನಲ್ಲಿ ಆ ಸೀನು ನನಗೇ ಅಂಟಿಕೊಂಡಿದೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಉಸಿರು ಸಲೀಸಾಗುತ್ತದೆ. ಆದರೂ ಮಲಗಿದಾಗ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಬರಿಗೈ ಮುಷ್ಟಿ ಕಟ್ಟಿಕೊಂಡು ಬರುವವರು ಯಾರೂ ಇಲ್ಲ.